ಬಚ್ಚಲಲ್ಲಿ ಜೇಡ ಕೂತಿದೆ, ಏನು ಮಾಡಲಿ? ಮನೆಯ ಹುಳಹುಪ್ಪಟೆಗಳನ್ನು ಕೊಲ್ಲದೆ ಸಂಭಾಳಿಸುವ ಬಗೆ

"ಬಚ್ಚಲ ಗೋಡೆ ಮೇಲೆ ಅಂಗೈಯಗಲದ ಜೇಡ ಕೂತಿದೆ. ಹೊಡೆಯೋಕೆ ಮನಸ್ಸಿಲ್ಲ, ಬಿಡೋಕೆ ಧೈರ್ಯ ಇಲ್ಲ. ಏನು ಮಾಡಲಿ?" ಮುಂಗಾರು ಕಾಲಿಟ್ಟಿತೆಂದರೆ ಓದುಗರಿಂದ ಈ ಪ್ರಶ್ನೆ ಬರಲು ಶುರು. ಜೇಡದ ಜಾಗದಲ್ಲಿ ಕೆಲವರಿಗೆ ಜರಿ, ಕೆಲವರಿಗೆ ಸಕ್ಕರೆ ಡಬ್ಬಿಯ ಇರುವೆ, ಇನ್ನು ಕೆಲವರಿಗೆ ಬಾಲ್ಕನಿಯ ಹೆಜ್ಜೇನು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹುಳ ಕಣ್ಣಿಗೆ ಬಿದ್ದಾಗ ಅಯ್ಯೋ ಪಾಪ ಅನ್ನಿಸಿದರೆ ಏನೂ ಪ್ರಯೋಜನವಿಲ್ಲ. ಅಷ್ಟರಲ್ಲಿ ಯಾರೋ ಕಿರುಚಿರುತ್ತಾರೆ, ಇನ್ಯಾರೋ ಪೊರಕೆ ಎತ್ತಿರುತ್ತಾರೆ. ಹುಳಗಳ ಮೇಲಿನ ದಯೆಯಲ್ಲಿ ಮುಕ್ಕಾಲು ಪಾಲು ಅವು ಬರುವ ಮುಂಚೆಯೇ ಮಾಡಿ ಮುಗಿಸಬೇಕಾದ ಮನೆಗೆಲಸ: ದೀಪ, ಮೋರಿ, ಕಿಟಕಿಯ ಸಂದು, ಡಬ್ಬಿಯ ಮುಚ್ಚಳ. ಹಿಡಿದು ಹೊರಗೆ ಬಿಡುವುದು ಉಳಿದ ಕಾಲು ಪಾಲು. ಎಲ್ಲರೂ ಕೇಳುವುದು ಆ ಕಾಲು ಪಾಲನ್ನೇ ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಬೇಕಾಗುವ ಸಾಮಾನು

ಎಲ್ಲವೂ ಮನೆಯಲ್ಲೇ ಸಿಗುವಂಥವು. ಮೊದಲನೆಯದು ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಬಾಯಿ 12ರಿಂದ 15 ಸೆಂ.ಮೀ. ಅಗಲವಿರಲಿ, ಹೋಟೆಲಿನ ಪಾರ್ಸೆಲ್ ಡಬ್ಬಿ ತೊಳೆದಿಟ್ಟುಕೊಂಡರೆ ಆಯಿತು. ನೀರಿನ ಲೋಟ ಸಣ್ಣ ಹುಳಗಳಿಗೆ ಸಾಕು, ದೊಡ್ಡ ಜೇಡಕ್ಕೆ ಸಾಲದು. ಎರಡನೆಯದು ಹಳೆಯ ಲಗ್ನಪತ್ರಿಕೆ. ಗಟ್ಟಿ, ನುಣುಪು, ಅಗಲ ಮೂರೂ ಇರುವ ಕಾಗದ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಮನೆಯಲ್ಲಿ ರಾಶಿ ಬಿದ್ದಿರುತ್ತದೆ ಬೇರೆ. ಮಡಿಚುವ ಪತ್ರಿಕೆಯಾದರೆ ಮಡಿಕೆಯಲ್ಲಿ ಕತ್ತರಿಸಿ ಒಂದೇ ಹಾಳೆ ಮಾಡಿಕೊಳ್ಳಿ; ಎರಡು ಪದರದ ನಡುವೆ ಹುಳ ನುಸುಳಿದರೆ ಫಜೀತಿ.

ಮೂರನೆಯದು ಎರಡು ಇಂಚಿನ ಮೆತ್ತನೆಯ ಪೇಂಟ್ ಬ್ರಷ್. ಶ್ರವಣಬೆಳಗೊಳಕ್ಕೆ ಹೋದವರು ದಿಗಂಬರ ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ನೋಡಿರುತ್ತೀರಿ. ಕೂರುವ ಜಾಗದಲ್ಲಿರುವ ಸಣ್ಣ ಜೀವಿಗಳನ್ನು ನೋವಾಗದಂತೆ ಸರಿಸಲು ಅವರು ಅದನ್ನು ಬಳಸುತ್ತಾರೆ. ನಮ್ಮ ಕೆಲಸಕ್ಕೆ ಬ್ರಷ್ ಸಾಕು. ತೆಂಗಿನ ಕಡ್ಡಿಯ ಪೊರಕೆ ಬೇಡ, ಅದು ಕಾಲು ಮುರಿಯುತ್ತದೆ. ಕೊನೆಯದು ಟಾರ್ಚ್.

ಇವಿಷ್ಟನ್ನೂ ಒಂದು ಚೀಲಕ್ಕೆ ಹಾಕಿ ಬಚ್ಚಲ ಬಾಗಿಲ ಹತ್ತಿರದ ಮೊಳೆಗೆ ನೇತುಹಾಕಿ. ಡಬ್ಬಿ ಹುಡುಕುತ್ತಾ ಓಡಾಡುವಾಗಲೇ ಚಪ್ಪಲಿ ಕೈಗೆ ಬರುವುದು.

ಹಂತ 1: ಬಂದವರು ಯಾರೆಂದು ನೋಡಿ

ಟಾರ್ಚ್ ಹಾಕಿ ಒಂದು ಗಳಿಗೆ ಸುಮ್ಮನೆ ನಿಂತು ನೋಡಿ. ಆರು ಕಾಲಿದ್ದರೆ ಕೀಟ. ಎಂಟಿದ್ದರೆ ಜೇಡ ಅಥವಾ ಅದರ ಸಂಬಂಧಿ. ನಮ್ಮ ಮನೆಗಳಲ್ಲಿ ಪದೇಪದೇ ಕಾಣುವ ಜೇಡಗಳು ಮೂರು ಬಗೆಯವು.

ಅಂಗೈಯಗಲದ ಕಂದು ಜೇಡ: ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. ವೈಜ್ಞಾನಿಕ ಹೆಸರು ಹೆಟೆರೊಪೋಡಾ ವೆನಟೋರಿಯಾ. ಚಪ್ಪಟೆ ಮೈ, ಕಾಲು ಚಾಚಿದರೆ 10 ಸೆಂ.ಮೀ. ದಾಟುತ್ತದೆ. ಬಲೆ ಕಟ್ಟುವುದಿಲ್ಲ, ರಾತ್ರಿ ಓಡಾಡಿ ಜಿರಳೆ ಹಿಡಿದು ತಿನ್ನುತ್ತದೆ. ಬಚ್ಚಲಿಗೆ ಬರುವುದೂ ಜಿರಳೆಯ ಬೆನ್ನುಹತ್ತಿಯೇ. ಕೆಲವೊಮ್ಮೆ ಹೊಟ್ಟೆಯಡಿ ಬಿಳಿ ಬಿಲ್ಲೆಯೊಂದನ್ನು ಅವುಚಿ ಹಿಡಿದಿರುತ್ತದೆ. ಅದು ಮೊಟ್ಟೆಚೀಲ, ಹಿಡಿದಿರುವುದು ತಾಯಿ. ಮರಿಗಳು ಹೊರಬರುವ ತನಕ ಅದನ್ನು ಕೆಳಗಿಡುವುದಿಲ್ಲ.

ಕೂದಲೆಳೆ ಕಾಲಿನ ಜೇಡ: ಮೂಲೆಗಳಲ್ಲಿ, ಮಂಚದ ಅಡಿಯಲ್ಲಿ ಅಡ್ಡಾದಿಡ್ಡಿ ಬಲೆ ಕಟ್ಟಿ ತಲೆಕೆಳಗಾಗಿ ತೂಗುತ್ತಿರುತ್ತದೆ. ಬೆರಳು ತಾಗಿಸಿದರೆ ಮೈಯೆಲ್ಲ ಗಡಗಡ ಅಲುಗಿಸಿ ಕಣ್ಣಿಗೆ ಮಸುಕಾಗಿಬಿಡುತ್ತದೆ. ಸೊಳ್ಳೆ, ನೊಣ ಮಾತ್ರವಲ್ಲ, ಬೇರೆ ಜೇಡಗಳನ್ನೂ ತಿನ್ನುತ್ತದೆ. ಹತ್ತಿರದಿಂದ ನೋಡಿದರೆ ಹೆಣ್ಣು ತನ್ನ ಮೊಟ್ಟೆಗಳ ಪುಟ್ಟ ಗೊಂಚಲನ್ನು ಬಾಯಲ್ಲಿ ಕಚ್ಚಿ ಹಿಡಿದಿರುವುದು ಕಾಣುತ್ತದೆ. ಮೊಟ್ಟೆ ಒಡೆಯುವವರೆಗೂ ಅದರ ಬಾಯಿಗೆ ಬೇರೆ ಕೆಲಸವಿಲ್ಲ. "ಜಗತ್ತಿನಲ್ಲೇ ಅತಿ ವಿಷಕಾರಿ ಜೇಡ ಇದು, ಹಲ್ಲು ಗಿಡ್ಡ ಅಂತ ನಾವು ಬದುಕಿದ್ದೇವೆ" ಎಂದು ವಾಟ್ಸಾಪಿನಲ್ಲಿ ಓಡಾಡುವ ಸಂದೇಶ ಶುದ್ಧ ಸುಳ್ಳು.

ಜಿಗಿಯುವ ಜೇಡ: ಒಂದು ಸೆಂಟಿಮೀಟರ್ ಆಸುಪಾಸಿನ, ಮೈತುಂಬ ರೋಮವಿರುವ, ಕಿಟಕಿಯ ಚೌಕಟ್ಟಿನ ಮೇಲೆ ಹಗಲು ಹೊತ್ತಿನಲ್ಲಿ ಓಡಾಡುವ ಪುಟ್ಟ ಜೇಡ. ನೀವು ಬಗ್ಗಿ ನೋಡಿದರೆ ಅದೂ ಗಕ್ಕನೆ ತಿರುಗಿ ಎದುರಿನ ಎರಡು ದೊಡ್ಡ ಕಣ್ಣುಗಳಿಂದ ನಿಮ್ಮನ್ನೇ ನೋಡುತ್ತದೆ. ಜಿಗಿಯುವ ಮುಂಚೆ ನಿಂತ ಜಾಗಕ್ಕೆ ಒಂದು ಎಳೆ ಅಂಟಿಸಿಕೊಳ್ಳುತ್ತದೆ; ಗುರಿ ತಪ್ಪಿದರೆ ಅದೇ ಎಳೆಯಲ್ಲಿ ನೇತಾಡಿ ಮತ್ತೆ ಹತ್ತಿಬರುತ್ತದೆ. ಮಕ್ಕಳಿಗೆ ಜೇಡ ಪರಿಚಯಿಸಬೇಕೆಂದಿದ್ದರೆ ಇದರಿಂದಲೇ ಶುರುಮಾಡಿ.

ಜೇಡಗಳ ಪೈಕಿ ಬಹುತೇಕ ಎಲ್ಲಕ್ಕೂ ವಿಷವಿದೆ, ನಿಜ. ಆದರೆ ಅದು ಅವುಗಳ ಬೇಟೆಯ ಗಾತ್ರಕ್ಕೆ ತಕ್ಕದ್ದು. ಮೇಲೆ ಹೇಳಿದ ಮೂರೂ ಮನುಷ್ಯನಿಗೆ ಅಪಾಯಕಾರಿಯಲ್ಲ. ದೊಡ್ಡ ಕಂದು ಜೇಡವನ್ನು ಮುಷ್ಟಿಯಲ್ಲಿ ಹಿಡಿದರೆ ಕಚ್ಚೀತು, ನೋವಾದೀತು. ಹಾಗಾಗಿ ಬರಿಗೈ ಬೇಡ.

ಇನ್ನೊಂದು ಪ್ರಶ್ನೆ ಇಲ್ಲೇ ಮುಗಿಸುತ್ತೇನೆ: "ಗೋಡೆ ಮೇಲೆ ಸೌತೆಬೀಜದಂಥ ಬೂದು ಬಣ್ಣದ್ದೇನೋ ತೆವಳುತ್ತಿದೆ, ಸಿಮೆಂಟಿನ ಚೂರಾ, ಹುಳವಾ?" ಹುಳವೇ. ಒಂದು ಸಣ್ಣ ಪತಂಗದ ಮರಿ ಅದು. ಮರಳು, ಧೂಳು, ನೂಲಿನೆಳೆ ಸೇರಿಸಿ ರೇಷ್ಮೆಯಿಂದ ಚೀಲ ನೇಯ್ದುಕೊಂಡು ಅದರೊಳಗೇ ವಾಸ. ಚೀಲಕ್ಕೆ ಎರಡೂ ಕಡೆ ಬಾಯಿ. ಬೇಕೆಂದ ಕಡೆಯಿಂದ ತಲೆ ಹೊರಹಾಕಿ ಮೈಯನ್ನು ಎಳೆದುಕೊಂಡು ಹೋಗುತ್ತದೆ. ಹಳೆಯ ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳ ಇದರ ಊಟ. ಕಚ್ಚುವುದಿಲ್ಲ. ಲಗ್ನಪತ್ರಿಕೆಯ ಅಂಚಿನಿಂದ ಎಬ್ಬಿಸಿ ಹೊರಗೆ ಬಿಡಿ, ಗೋಡೆಯ ಹಳೇ ಬಲೆ ಗುಡಿಸಿ. ಊಟ ಇಲ್ಲದಿದ್ದರೆ ಅದು ಬರುವುದಿಲ್ಲ.

ಮುಟ್ಟಲೇಬಾರದವು ನಾಲ್ಕು.

ಮೊದಲನೆಯದು ಮಳೆಗಾಲದ ಸಂಜೆ ದೀಪಕ್ಕೆ ಬರುವ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಕಪ್ಪು-ಕಿತ್ತಳೆ ಪಟ್ಟೆಯ ಸಪೂರ ಹುಳ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಆದರೆ ಕತ್ತಿನ ಮೇಲೆ ಕೂತದ್ದನ್ನು ಕೈಯಲ್ಲಿ ಉಜ್ಜಿದಿರೋ, ಅದರ ಮೈಯೊಳಗಿನ ಪೆಡರಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಗುಲಿ, ಒಂದೆರಡು ದಿನದಲ್ಲಿ ಸುಟ್ಟಂತೆ ಉರಿ, ಗುಳ್ಳೆ. ಹೊಡೆಯದೆ ಉಫ್ ಎಂದು ಊದಿ ಬೀಳಿಸಿ. ಉಜ್ಜಿಬಿಟ್ಟಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಆ ಕೈಯನ್ನು ಕಣ್ಣಿಗೆ ಒಯ್ಯಬೇಡಿ. ನಮ್ಮಲ್ಲಿ "ಜೇಡ ಉಚ್ಚೆ ಹೊಯ್ದಿದೆ" ಎಂದು ಪಾಪದ ಜೇಡದ ಮೇಲೆ ಹೊರಿಸುವ ಗುಳ್ಳೆಗಳಲ್ಲಿ ಎಷ್ಟೋ ಈ ಹುಳದ ಕೆಲಸ. ಇನ್ನು ಕೆಲವು ಸರ್ಪಸುತ್ತು, ಅಂದರೆ ಒಂದು ವೈರಸ್ ಕಾಯಿಲೆ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆ ಎದ್ದು ನೋವಿದ್ದರೆ ಮಣ್ಣು, ಸುಣ್ಣ ಹಚ್ಚುತ್ತಾ ಕೂರದೆ ವೈದ್ಯರಲ್ಲಿಗೆ ಹೋಗಿ. ಅದಕ್ಕೆ ಔಷಧಿ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು.

ಎರಡು, ಕಂಬಳಿಹುಳ. ಅದರ ರೋಮ ಸೋಕಿದರೂ ತುರಿಕೆ. ಬ್ರಷ್ ಬೇಡ, ಕಾಗದದ ಮೇಲೆ ಹತ್ತಿಸಿಕೊಂಡು ಒಯ್ಯಿರಿ. ಮೂರು ಮತ್ತು ನಾಲ್ಕು, ಜರಿ ಹಾಗೂ ಚೇಳು. ಇವಕ್ಕೆ ಬಕೆಟ್ ಬೋರಲು ಹಾಕಿ ಮೇಲೊಂದು ಕಲ್ಲಿಟ್ಟು, ಅನುಭವಸ್ಥರನ್ನು ಕರೆಯಿರಿ. ಉತ್ತರ ಕರ್ನಾಟಕದ ಒಣ ಸೀಮೆಯವರಿಗೆ ಕೆಂಪು ಚೇಳಿನ ಬಗ್ಗೆ ಹೇಳಬೇಕಿಲ್ಲ. ಅದು ಕುಟುಕಿದರೆ, ಅದರಲ್ಲೂ ಮಕ್ಕಳಿಗಾದರೆ, ನೇರ ಆಸ್ಪತ್ರೆಗೆ. ಮನೆಯಲ್ಲಿ ಕೂಸಿದ್ದು ಚೇಳನ್ನು ಹೊರಹಾಕುವ ದಾರಿ ಕಾಣದಿದ್ದರೆ ಕೂಸಿನ ಸುರಕ್ಷತೆ ಮೊದಲು. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ.

ಹಂತ 2: ಹೊರಹಾಕಲೇಬೇಕಾ?

ಜಿಗಿಯುವ ಜೇಡ, ಕೂದಲೆಳೆ ಕಾಲಿನ ಜೇಡ ಇವೆರಡನ್ನೂ ಇರುವಲ್ಲೇ ಬಿಡಿ ಎನ್ನುವುದು ನನ್ನ ಸಲಹೆ. ಇವು ತಲೆಮಾರುಗಳಿಂದ ಮನುಷ್ಯರ ಗೋಡೆಗಳಲ್ಲೇ ಬದುಕು ಕಟ್ಟಿಕೊಂಡವು. ದೊಡ್ಡ ಕಂದು ಜೇಡ ಸ್ಟೋರ್ ರೂಮಿನಲ್ಲಿದ್ದರೆ ಇರಲಿ. ಮಲಗುವ ಕೋಣೆಯಲ್ಲಿದ್ದು ನಿದ್ದೆ ಬಾರದಿದ್ದರೆ ಹಿಡಿಯಿರಿ. ಹೆದರಿಕೆ ಇರುವುದು ತಪ್ಪಲ್ಲ. ಮನೆಯಲ್ಲಿ ಯಾರಿಗೆ ಭಯ ಕಡಿಮೆಯೋ ಅವರಿಗೆ ಈ ಕೆಲಸ ವಹಿಸಿ, ಭಯವಿರುವವರನ್ನು ಗೇಲಿ ಮಾಡಬೇಡಿ. ಗೇಲಿಗೆ ಸಿಟ್ಟು ಬಂದವರು ಮುಂದಿನ ಸಲ ಸ್ಪ್ರೇ ಹಿಡಿದೇ ಬರುತ್ತಾರೆ.

ಬಕೆಟಿನಲ್ಲೋ ಸಿಂಕಿನಲ್ಲೋ ಜೇಡ ಸಿಕ್ಕಿಬಿದ್ದಿದ್ದರೆ ಅದು ಪೈಪಿನಿಂದ ಬಂದದ್ದೆಂದು ತಿಳಿಯಬೇಡಿ. ನೀರು ಕುಡಿಯಲು ಬಂದು ಜಾರಿ ಬಿದ್ದು, ನುಣುಪಾದ ಗೋಡೆ ಹತ್ತಲಾಗದೆ ಒದ್ದಾಡುತ್ತಿರುತ್ತದೆ. ಅಂಚಿಗೊಂದು ಒಣ ಟವೆಲ್ ಇಳಿಬಿಟ್ಟು ನೀವು ಹೊರಗೆ ಬನ್ನಿ. ತಾನೇ ಹತ್ತಿಕೊಂಡು ಹೋಗುತ್ತದೆ.

ಹಂತ 3: ಡಬ್ಬಿ ಹಾಕಿ ಹಿಡಿಯುವುದು

1. ಫ್ಯಾನ್ ಆರಿಸಿ, ಕೋಣೆಯ ಬಾಗಿಲು ಹಾಕಿ. ಗಾಳಿ ಬೀಸಿದರೆ ಜೇಡ ಓಡುತ್ತದೆ.

2. ಮೂಲೆಯಲ್ಲಿದ್ದರೆ ಡಬ್ಬಿ ಕೂರುವುದಿಲ್ಲ. ಬ್ರಷ್ಷಿನಿಂದ ಹಿಂಗಾಲಿನ ಹತ್ತಿರ ಮೆಲ್ಲಗೆ ತಾಗಿಸಿ ಸಮತಟ್ಟಾದ ಜಾಗಕ್ಕೆ ತನ್ನಿ. ಎದುರಿನಿಂದ ತಾಗಿಸಿದರೆ ಹಿಂದಕ್ಕೆ, ಅಂದರೆ ಮತ್ತೆ ಮೂಲೆಗೇ, ಹೋಗುತ್ತದೆ.

3. ಡಬ್ಬಿಯನ್ನು ನಿಧಾನವಾಗಿ ಒಂದು ಗೇಣು ದೂರದವರೆಗೆ ತಂದು, ಕೊನೆಯ ಗೇಣನ್ನು ಅನುಮಾನಿಸದೆ ಒಂದೇ ಸಲಕ್ಕೆ ಮುಗಿಸಿ. ಜೇಡ ಡಬ್ಬಿಯ ಸರಿನಡುವೆ ಬರಬೇಕು. ಅಂಚಿಗೆ ಸಿಕ್ಕಿದ ಕಾಲು ಮುರಿದುಹೋಗುತ್ತದೆ. ಎಳೆಯ ಜೇಡವಾದರೆ ಮುಂದೆ ಪೊರೆ ಬಿಡುವಾಗ ಕಾಲು ಮತ್ತೆ ಬೆಳೆಯುವುದುಂಟು. ಆದರೂ ಆ ಕಷ್ಟ ಯಾಕೆ.

4. ಡಬ್ಬಿಯ ಒಂದಂಚನ್ನು ಕೂದಲೆಳೆಯಷ್ಟು ಎತ್ತಿ ಲಗ್ನಪತ್ರಿಕೆ ತೂರಿಸಿ. ಕಾಗದ ತಾಗಿದೊಡನೆ ಜೇಡ ಡಬ್ಬಿಯ ಮೇಲಕ್ಕೆ ಹತ್ತುತ್ತದೆ. ಎಲ್ಲರೂ ತಪ್ಪುವುದು ಇಲ್ಲೇ: ಜೇಡ ಅಲ್ಲಾಡಿದೊಡನೆ ಹೆದರಿ ಡಬ್ಬಿ ಬಿಟ್ಟುಬಿಡುತ್ತಾರೆ. ಡಬ್ಬಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದರೆ ಅದು ಎಲ್ಲಿಗೂ ಹೋಗಲಾರದು.

5. ಒಂದು ಅಂಗೈ ಕಾಗದದಡಿ, ಇನ್ನೊಂದು ಡಬ್ಬಿಯ ತಳದ ಮೇಲೆ. ಎರಡನ್ನೂ ಒತ್ತಿಕೊಂಡು ನಡೆಯಿರಿ. ಬಾಗಿಲು ತೆಗೆಯಲು ಇನ್ನೊಬ್ಬರಿದ್ದರೆ ಅನುಕೂಲ.

ಜೀರುಂಡೆ, ಮಿಡತೆ, ಪತಂಗಗಳಿಗೂ ಇದೇ ವಿಧಾನ. ಪತಂಗದ ರೆಕ್ಕೆಯನ್ನು ಬೆರಳಲ್ಲಿ ಹಿಡಿಯಬೇಡಿ. ಕೈಗೆ ಅಂಟುವ ಪುಡಿ ಅದರ ರೆಕ್ಕೆಯ ಹೊದಿಕೆ.

ಹಿಡಿದದ್ದನ್ನು ಡಬ್ಬಿಯಲ್ಲೇ ಮರೆತು ಆಫೀಸಿಗೆ ಹೋಗುವುದು, "ನೀರಲ್ಲಿ ಬಿಟ್ಟರೆ ಬದುಕಿಕೊಳ್ಳುತ್ತೆ" ಎಂದು ಕಮೋಡಿಗೆ ಸುರಿಯುವುದು, ಇವೆರಡೂ ಕೊಲ್ಲುವ ಲೆಕ್ಕವೇ.

ಹಂತ 4: ಎಲ್ಲಿ ಬಿಡುವುದು

ನಡುಹಗಲಿನ ಬಿಸಿಲಿಗೆ, ಕಾದ ಟೆರೇಸಿಗೆ ಬೇಡ. ಸಂಜೆ, ನೆರಳಿನಲ್ಲಿ, ಹೂಕುಂಡದ ಬುಡ ಅಥವಾ ಕಾಂಪೌಂಡ್ ಗೋಡೆಯ ಬಿರುಕಿನ ಪಕ್ಕ ಡಬ್ಬಿಯನ್ನು ಅಡ್ಡ ಮಲಗಿಸಿ ನೀವು ಹಿಂದೆ ಸರಿಯಿರಿ. ಮನೆಯೊಳಗೇ ಬದುಕುವ ಜೇಡಗಳಿಗೆ ಕಾರ್ ಶೆಡ್ಡು, ಮೀಟರ್ ಬೋರ್ಡಿನ ಮೂಲೆ, ಸೌದೆ ಕೊಟ್ಟಿಗೆ ಇನ್ನೂ ವಾಸಿ. ಅಪಾರ್ಟ್ಮೆಂಟಿನವರು ಲಿಫ್ಟಿನಲ್ಲಿ ಕೆಳಗೆ ಒಯ್ಯಿರಿ. ಪಕ್ಕದ ಮನೆಯ ಬಾಲ್ಕನಿಗೆ ದಾಟಿಸುವುದು ದಯೆಯಲ್ಲಿ ಬರುವುದಿಲ್ಲ, ಜಗಳದಲ್ಲಿ ಬರುತ್ತದೆ.

ಹಂತ 5: ಹಬ್ಬಕ್ಕೆ ಬಲೆ ಹೊಡೆಯುವಾಗ

ಯುಗಾದಿ, ಗೌರಿ-ಗಣೇಶ, ದೀಪಾವಳಿಗೆ ಮನೆ ಧೂಳು ಹೊಡೆಯುವ ದಿನ ಜೇಡಗಳಿಗೆ ಕೆಟ್ಟ ದಿನ. ಬಲೆ ತೆಗೆಯಬಾರದೆಂದು ನಾನು ಹೇಳುವುದಿಲ್ಲ. ಧೂಳು ಹಿಡಿದು ಕಪ್ಪಾಗಿ ಜೋಲುವ ಬಲೆಗಳು ಬಹುಪಾಲು ಖಾಲಿ. ವಾಸವಿರುವ ಬಲೆ ಚೊಕ್ಕಟವಾಗಿರುತ್ತದೆ, ಟಾರ್ಚ್ ಬೆಳಕಿಗೆ ಹೊಳೆಯುತ್ತದೆ. ಖಾಲಿಯವನ್ನು ಧಾರಾಳವಾಗಿ ಹೊಡೆಯಿರಿ.

ಜೇಡ ಇರುವ ಬಲೆಯಾದರೆ ಕೋಲಿನಿಂದ ಬಲೆಯ ಅಂಚನ್ನು ಒಮ್ಮೆ ತಟ್ಟಿ ಅರ್ಧ ನಿಮಿಷ ಬಿಡಿ. ಅದು ಎಳೆ ಹಿಡಿದು ಕೆಳಗಿಳಿಯುತ್ತದೆ ಅಥವಾ ಸಂದಿಗೆ ಸರಿಯುತ್ತದೆ. ಆಮೇಲೆ ಬಲೆ ಸುತ್ತಿಕೊಳ್ಳಿ. ಬಲೆಕೋಲನ್ನು ಮನೆಯೊಳಗೆ ಕೊಡವದೆ ಅಂಗಳದಲ್ಲಿ ಗಿಡದ ಬಳಿ ಮೆಲ್ಲಗೆ ತಟ್ಟಿ; ಸಿಕ್ಕಿಕೊಂಡಿದ್ದವು ಇಳಿದುಹೋಗುತ್ತವೆ. ಒಂದೇ ದಿನ ಇಡೀ ಮನೆ ಮುಗಿಸುವ ಹಟ ಬೇಡ. ಅಟ್ಟ, ಫ್ರಿಡ್ಜಿನ ಹಿಂಭಾಗ, ಬಾಲ್ಕನಿಯ ಒಂದು ಮೂಲೆಯನ್ನು ಅವಕ್ಕೇ ಬಿಟ್ಟುಕೊಡಿ. ಕೆಲಸಕ್ಕೆ ಬರುವ ಅಕ್ಕನಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ನೀವು ಬಿಟ್ಟ ಮೂಲೆಯನ್ನು ಅವರು ಮುತುವರ್ಜಿಯಿಂದ ಸ್ವಚ್ಛ ಮಾಡಿರುತ್ತಾರೆ.

ಹಂತ 6: ದೀಪ

ಈಗ ಮುಕ್ಕಾಲು ಪಾಲಿನ ಕೆಲಸಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಹಾತೆಗಳನ್ನು ಕೊಲ್ಲುವುದು ಸ್ಪ್ರೇ ಒಂದೇ ಅಲ್ಲ, ಟ್ಯೂಬ್‌ಲೈಟು ಕೂಡ. ಹಾರುವ ಕೀಟಗಳು ದೀಪದ ಸುತ್ತ ಯಾಕೆ ಸುತ್ತುತ್ತವೆ ಎಂಬುದಕ್ಕೆ 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಒಳ್ಳೆಯ ವಿವರಣೆ ಕೊಟ್ಟಿದೆ. ಅವು ಹಾರುವಾಗ ಬೆನ್ನನ್ನು ಬೆಳಕಿನ ಕಡೆ ಇಟ್ಟುಕೊಳ್ಳುತ್ತವೆ. ಲಕ್ಷಾಂತರ ವರ್ಷ ಬೆಳಕೆಂದರೆ ಆಕಾಶವೇ ಆಗಿತ್ತಲ್ಲ. ಬಲ್ಬು ಪಕ್ಕದಲ್ಲಿದ್ದರೆ ಬೆನ್ನನ್ನು ಅದರ ಕಡೆ ತಿರುಗಿಸುತ್ತಾ ತಿರುಗಿಸುತ್ತಾ ಅಲ್ಲೇ ಸುತ್ತುಹಾಕಿ ಸಿಕ್ಕಿಬೀಳುತ್ತವೆ. ಬೆಳಕಿನ ಮೇಲೆ ಮೋಹವೇನೂ ಇಲ್ಲ, ದಿಕ್ಕು ತಪ್ಪಿದ ಪಾಡು ಅದು.

ಹಾಗಾಗಿ ಜಗುಲಿ, ಬಾಲ್ಕನಿಗೆ ಬಿಳಿಯ ಬದಲು ಹಳದಿ ಬಲ್ಬು ಹಾಕಿ, ಹುಳ ಬರುವುದು ಕಡಿಮೆಯಾಗುತ್ತದೆ. ರಾತ್ರಿಯಿಡೀ ಉರಿಸಬೇಡಿ. ಸಂಜೆ ಆರರಿಂದ ಎಂಟರವರೆಗೆ ಕಿಟಕಿಗೆ ಪರದೆ ಎಳೆಯಿರಿ, ಜಾಲರಿಯ ಹರಿದ ಕಡೆ ತೇಪೆ ಹಾಕಿ.

ಮೊದಲ ಮಳೆ ಬಿದ್ದ ಸಂಜೆ ಬರುವ ಮಳೆಹುಳಗಳ ಮಾತೇ ಬೇರೆ. ಅವು ರೆಕ್ಕೆ ಬಂದ ಗೆದ್ದಲು. ಜೋಡಿ ಹುಡುಕಲು ಹುತ್ತದಿಂದ ಹೊರಟವು. ದೀಪದ ಕೆಳಗೆ ನೀರಿನ ಬೇಸಿನ್ ಇಟ್ಟು ಬೀಳಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಬೆಳಗ್ಗೆ ನೋಡಿದರೆ ಬೇಸಿನ್ ತುಂಬ ಹೆಣ. ಅದರ ಬದಲು ಮನೆಯ ದೀಪಗಳನ್ನೆಲ್ಲ ಆರಿಸಿ, ಅಂಗಳದ್ದೋ ಬೀದಿಯದ್ದೋ ಒಂದು ದೀಪ ಸಾಕೆಂದು ಅರ್ಧ-ಮುಕ್ಕಾಲು ಗಂಟೆ ಕತ್ತಲಲ್ಲಿ ಕೂತಿರಿ. ಅವುಗಳ ಹಾರಾಟ ಅಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಹೊರಗೆ ಹಲ್ಲಿ, ಕಪ್ಪೆಗಳಿಗೆ ಹಬ್ಬದೂಟ; ಅದು ಅವುಗಳ ಪಾಡು, ನಾವು ನಡುವೆ ಹೋಗಬೇಕಿಲ್ಲ. ಒಂದು ಎಚ್ಚರಿಕೆ: ಮಳೆಹುಳ ಹೊರಗಿನಿಂದ ಬರದೆ ನಿಮ್ಮ ಬಾಗಿಲ ಚೌಕಟ್ಟಿನ ಸಂದಿನಿಂದಲೇ ಹೊರಟಿದ್ದರೆ ಮರಕ್ಕೆ ಗೆದ್ದಲು ಹತ್ತಿದೆ ಎಂದರ್ಥ. ಬಡಗಿಗೆ ತೋರಿಸಿ.

ಹಂತ 7: ಇರುವೆ ಮತ್ತು ಕಾಳುಕಡ್ಡಿಯ ಹುಳ

ಇರುವೆ ಸಾಲು ಹಿಡಿಯುವುದು ವಾಸನೆಯ ಗುರುತಿನ ಮೇಲೆ. ಮುಂದೆ ಹೋದದ್ದು ನೆಲಕ್ಕೆ ಫೆರೊಮೋನ್ ಎಂಬ ವಾಸನೆಯ ವಸ್ತು ಸವರುತ್ತಾ ಹೋಗುತ್ತದೆ, ಹಿಂದಿನವು ಅದನ್ನೇ ಹಿಡಿದು ಬರುತ್ತವೆ. ಸಾಲನ್ನು ಕೊಂದರೂ ಗುರುತು ಉಳಿಯುತ್ತದೆ, ಇನ್ನೊಂದು ಸಾಲು ಬರುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಅವು ಮುತ್ತಿರುವ ತಿಂಡಿಯನ್ನು ಎತ್ತಿ ಹೊರಗಿಡಿ. ಸ್ವಲ್ಪ ಹೊತ್ತಿನಲ್ಲಿ ಸಾಲು ತೆಳುವಾಗುತ್ತದೆ. ಆಗ ಗೂಡಿನ ಕಡೆಯಿಂದ ಶುರುಮಾಡದೆ ತಿಂಡಿಯಿದ್ದ ಕಡೆಯಿಂದ ಗೋಡೆಯವರೆಗೆ ಸೋಪಿನ ನೀರಲ್ಲಿ ಒರೆಸಿ. ಕೊನೆಗೆ ಬರುವ ಸಂದನ್ನು ಬಿಳಿ ಸಿಮೆಂಟಿನಿಂದ ಮುಚ್ಚಿ.

ಸಕ್ಕರೆ ಡಬ್ಬಿಗೆ ಇರುವೆ ಹೊಕ್ಕಿದ್ದರೆ ಮುಚ್ಚಳ ತೆಗೆದು ಹೊರಗೆ ಎಳೆಬಿಸಿಲಿಗಿಡಿ, ಹೊರಟುಹೋಗುತ್ತವೆ. ತಟ್ಟೆಯಲ್ಲಿ ನೀರು ಹಾಕಿ ನಡುವೆ ಪಾತ್ರೆ ಇಡುವ ಅಜ್ಜಿಯರ ಉಪಾಯಕ್ಕೆ ಇವತ್ತಿಗೂ ಸಾಟಿಯಿಲ್ಲ. ಇರುವೆ ಓಡಿಸಲೆಂದು ಮಾರುವ ಸೀಮೆಸುಣ್ಣದ ಬಗ್ಗೆ ಹುಷಾರು. ಅದು ಸ್ಲೇಟಿಗೆ ಬರೆಯುವ ಬಳಪವಲ್ಲ, ಕೀಟನಾಶಕ ಬೆರೆಸಿದ್ದು. ಅಂಬೆಗಾಲಿಡುವ ಮಕ್ಕಳಿರುವ ಮನೆಯ ನೆಲಕ್ಕೆ ಗೆರೆ ಎಳೆಯುವ ವಸ್ತು ಅದಲ್ಲ.

ಅಕ್ಕಿಯಲ್ಲಿ ಹುಳವಾದರೆ ಅಂಗಳದಲ್ಲಿ ಬಟ್ಟೆ ಹಾಸಿ, ಒಂದು ಬದಿ ನೆರಳಿಗೆ ಬರುವಂತೆ ಅಕ್ಕಿಯನ್ನು ಬಿಸಿಲಿಗೆ ಹರಡಿ. ಬಿಸಿ ತಾಳದೆ ಹುಳಗಳು ನೆರಳಿನ ಕಡೆಗೆ ನಡೆದುಹೋಗುತ್ತವೆ. ಮತ್ತೆ ಆಗದಿರಲು ತೊಗರಿಬೇಳೆಗೆ ಹರಳೆಣ್ಣೆ ಸವರಿಡುವುದು, ಡಬ್ಬಿಗೆ ಒಣಮೆಣಸಿನಕಾಯಿ ಹಾಕುವುದು ನಿಮಗೆ ಗೊತ್ತೇ ಇದೆ. ಅದಕ್ಕಿಂತ ಮುಖ್ಯ, ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ.

ಹಂತ 8: ಜೇನು ಮತ್ತು ಕಣಜ

ಒಂಟಿ ಜೇನುನೊಣ ಕೋಣೆಗೆ ಬಂದರೆ ದೀಪ ಆರಿಸಿ ಕಿಟಕಿ ತೆಗೆಯಿರಿ. ಸುಸ್ತಾಗಿ ನೆಲದಲ್ಲಿ ಬಿದ್ದಿದ್ದರೆ ಚಮಚದ ತುದಿಯಲ್ಲಿ ಒಂದು ಹನಿ ಸಕ್ಕರೆ ನೀರು ಮುಂದಿಡಿ. ಅಂಗಡಿ ಜೇನುತುಪ್ಪ ಬೇಡ. ಒಂದು ಗೂಡಿನ ರೋಗ ಇನ್ನೊಂದಕ್ಕೆ ಅದರಿಂದ ದಾಟಬಹುದು. ಗೋಡೆಯ ಬಿರುಕಿನಲ್ಲಿ ಮೇಣದ ಪುಟ್ಟ ಕೊಳವೆ ಕಂಡರೆ ಅದು ಮಿಸ್ರಿ ಜೇನು, ಕರಾವಳಿಯವರ ಮುಜಂಟಿ. ಕುಟುಕುವ ಮುಳ್ಳೇ ಇಲ್ಲ, ಬಿಟ್ಟುಬಿಡಿ. ಕಿಟಕಿ ಚೌಕಟ್ಟಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಒಂಟಿಯಾಗಿ ಬದುಕುವಂಥದು, ಮೇಲೆ ಬೀಳುವ ಸ್ವಭಾವದ್ದಲ್ಲ. ಗೂಡಿನಲ್ಲಿ ತೂತು ಬಿದ್ದಿದ್ದರೆ ಮರಿ ಹಾರಿಹೋಗಿದೆ, ಆಗ ಕೆರೆದು ತೆಗೆಯಬಹುದು.

ಹೆಜ್ಜೇನಿನ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಬಾಲ್ಕನಿಯ ಸೂರಿಗೆ ಹಿಂಡು ಬಂದು ಕೂತು, ಹುಟ್ಟು ಇನ್ನೂ ಕಟ್ಟಿಲ್ಲವೆಂದರೆ, ಎಷ್ಟೋ ಸಲ ಅದು ವಲಸೆಯ ನಡುವಿನ ವಿಶ್ರಾಂತಿ. ಕೆಲವು ದಿನ ಬಾಗಿಲು ಹಾಕಿ, ಆ ಕಡೆಯ ದೀಪ ಆರಿಸಿ, ಸುಮ್ಮನಿರಿ. ನೀರು ಎರಚುವುದು, ಹೊಗೆ ಹಾಕುವುದು, ಕಲ್ಲೆಸೆಯುವುದು ಸಲ್ಲದು. ಒಂದು ನೊಣ ಕುಟುಕಿದ ಜಾಗದಿಂದ ಹೊರಡುವ ವಾಸನೆಯೇ ಉಳಿದವಕ್ಕೆ ದಾಳಿಯ ಕರೆ. ಶಾಲೆ, ಲಿಫ್ಟು, ಓಡಾಟದ ಜಾಗದಲ್ಲಿ ಹುಟ್ಟು ಕಟ್ಟಿಬಿಟ್ಟಿದ್ದರೆ, ಸುಡದೆ ಸ್ಥಳಾಂತರ ಮಾಡುವ ಅನುಭವವಿರುವ ಜೇನುಕೃಷಿಕರನ್ನು ಕರೆಯಿರಿ. ಕುಟುಕಿಸಿಕೊಂಡರೆ ಒಳಗೆ ಓಡಿ, ಮುಳ್ಳನ್ನು ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ಹಲವು ಕಡೆ ಕುಟುಕಿದ್ದರೆ, ಅಥವಾ ಮುಖ ಊದಿ ಉಸಿರು ಕಟ್ಟಿದರೆ, ಕಾಯದೆ 108ಕ್ಕೆ ಕರೆ ಮಾಡಿ.

ಹಂತ 9: ಸೊಳ್ಳೆ, ಜಿರಳೆ, ತಿಗಣೆ

"ಸೊಳ್ಳೆಗೂ ದಯೆ ತೋರಿಸಬೇಕಾ?" ಎಂದು ಕೆಣಕುವವರು ಇದ್ದೇ ಇರುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನೀರು ನಿಲ್ಲಲು ಬಿಟ್ಟ ಮನೆಯವರಿಗೆ ದಂಡದ ನಿಯಮವೂ ಬಂತು. ಕೈಗೆ ಕೂತ ಸೊಳ್ಳೆಯನ್ನು ಹೊಡೆದದ್ದಕ್ಕೆ ನಾನು ಯಾರನ್ನೂ ಬಯ್ಯುವುದಿಲ್ಲ. ಆದರೆ ಡೆಂಗಿ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ, ಹತ್ತು ದಿನ ಬೇಕು. ಫ್ರಿಡ್ಜಿನ ಹಿಂದಿನ ಟ್ರೇ, ಕುಂಡದ ತಟ್ಟೆ, ಟೆರೇಸಿನ ತೆಂಗಿನ ಚಿಪ್ಪು, ಮುಚ್ಚಳವಿಲ್ಲದ ಡ್ರಮ್ಮು, ಇವನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆದರೆ ಕೊಲ್ಲಲು ಸೊಳ್ಳೆಯೇ ಇರುವುದಿಲ್ಲ.

ಬಚ್ಚಲಿನಲ್ಲಿ ಗೋಡೆಗೆ ಅಂಟಿಕೊಂಡಿರುವ, ರೆಕ್ಕೆ ತುಂಬ ರೋಮವಿರುವ ಪುಟ್ಟ ಬೂದು ನೊಣಗಳು ಮೋರಿಯ ಲೋಳೆಯಲ್ಲಿ ಹುಟ್ಟುತ್ತವೆ. ಕಚ್ಚುವುದಿಲ್ಲ. ಮೋರಿಯ ಜಾಲಿ ಎತ್ತಿ ಒಳಗೆ ಬ್ರಷ್ ಹಾಕಿ ಉಜ್ಜಿದರೆ ಮುಗಿಯಿತು.

ಜಿರಳೆ ಎರಡು ತರಹ. ಮೋರಿಯಿಂದ ಬರುವ ದೊಡ್ಡದಕ್ಕೆ ಜಾಲಿ, ರಾತ್ರಿ ಒಣಗಿಸಿಟ್ಟ ಸಿಂಕು ಸಾಕು. ಅಡುಗೆಮನೆಯ ಕಪಾಟಿನಲ್ಲೇ ಸಂಸಾರ ಹೂಡುವ ಚಿಕ್ಕದು ಹಾಗೆಲ್ಲ ಹೋಗುವುದಿಲ್ಲ. ಅದು ಹೆಚ್ಚಾದರೆ ಸ್ಪ್ರೇ ಹೊಡೆಸದೆ ಜೆಲ್ ಹಾಕಿಸಿ. ಜೆಲ್ ಎಂದರೆ ವಿಷ ಬೆರೆಸಿದ ತಿನಿಸು. ಕೀಲು, ಸಂದುಗಳಲ್ಲಿ ಚುಕ್ಕಿಯಷ್ಟು ಇಡುತ್ತಾರೆ. ಅದನ್ನು ತಿಂದವೂ, ಹಾಗೆ ಸತ್ತ ಜಿರಳೆಯನ್ನು ತಿಂದ ಬೇರೆ ಜಿರಳೆಗಳೂ ಸಾಯುತ್ತವೆ. ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕ ಇರುತ್ತದೆ. ಅದಕ್ಕೆ ಜಿರಳೆ, ಜೇಡ, ಜೇನು ಎಂಬ ಭೇದವಿಲ್ಲ; ಅಕ್ವೇರಿಯಮ್ಮಿನ ಮೀನಿಗಂತೂ ಕಡು ವಿಷ, ಈ ಗುಂಪಿನ ಪರ್ಮೆಥ್ರಿನ್ ಬೆಕ್ಕಿಗೂ ಆಗದು. ತಿಗಣೆಗೆ ಮನೆಮದ್ದು ಹುಡುಕುತ್ತಾ ತಿಂಗಳುಗಟ್ಟಲೆ ಕಳೆಯಬೇಡಿ, ವೃತ್ತಿಪರರನ್ನೇ ಕರೆಸಿ.

ಅಂಟುಹಾಳೆ ಮಾತ್ರ ಯಾವುದಕ್ಕೂ ತರಬೇಡಿ. ಇಲಿಗೆಂದು ಇಟ್ಟದ್ದಕ್ಕೆ ಹಲ್ಲಿ, ಜೇಡ ಅಂಟಿಕೊಂಡು ದಿನಗಟ್ಟಲೆ ಒದ್ದಾಡಿ ಸಾಯುತ್ತವೆ. ಹಲ್ಲಿ ಅಂಟಿರುವುದು ಕಂಡರೆ ಕಾಲುಗಳ ಸುತ್ತ ಹತ್ತಿಯಿಂದ ಅಡುಗೆ ಎಣ್ಣೆ ಸವರಿ, ಮೆಲ್ಲಗೆ ಒಂದೊಂದೇ ಕಾಲು ಬಿಡಿಸಿ.

ಬಾಡಿಗೆ ಮನೆಯವರು, ಅಪಾರ್ಟ್ಮೆಂಟಿನವರು ಪೆಸ್ಟ್ ಕಂಟ್ರೋಲಿಗೆ ದಿನ ಗೊತ್ತುಮಾಡುವ ಮುಂಚೆ ಮೂರು ಮಾತು ಕೇಳಿ: ಯಾವ ಹುಳಕ್ಕೆ ಹೊಡೆಯುತ್ತೀರಿ, ಜೆಲ್ಲಾ ಸ್ಪ್ರೇನಾ, ಔಷಧಿಯ ಹೆಸರೇನು. "ಎಲ್ಲದಕ್ಕೂ ಒಂದೇ, ಮನೆ ಪೂರ್ತಿ ಹೊಡೆದುಬಿಡ್ತೀವಿ ಸಾರ್" ಎಂಬ ಉತ್ತರ ಬಂದರೆ ಅಡುಗೆಮನೆಗೆ ಜೆಲ್ ಸಾಕು, ಬಾಲ್ಕನಿ ಮತ್ತು ಕಿಟಕಿಗಳಿಗೆ ಏನೂ ಬೇಡ ಎಂದು ಬರೆದು ಕೊಡಿ. ಬಂದವರು ಕೆಲಸ ಮುಗಿಸುವ ತನಕ ಪಕ್ಕದಲ್ಲೇ ನಿಂತಿರಿ.